ಒಂದೇ ಕಸುಬು ಬಲ್ಲವರು ಅರ್ಧ ಆಟಗಾರರೇ?

ಹಾಸನದಿಂದ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಹಿಮದ ಮೇಲೆ ಜಾರುವ ಸ್ವೀಡನ್ನಿನ ಸ್ಕೀ ಆಟಗಾರ ಇಂಗೆಮಾರ್ ಸ್ಟೆನ್‌ಮಾರ್ಕ್‌ನನ್ನು ಬಾಯ್ತುಂಬ ಹೊಗಳಿದ್ದೀರಿ. ಆತ ಗೆದ್ದದ್ದು ಸ್ಲಾಲಂ, ಜೈಂಟ್ ಸ್ಲಾಲಂ ಎರಡರಲ್ಲೇ. ಬೆಟ್ಟದಿಂದ ಶರವೇಗದಲ್ಲಿ ಇಳಿಯುವ, ಗುಂಡಿಗೆ ಬೇಕಾದ ಡೌನ್‌ಹಿಲ್ ಕಡೆ ತಲೆ ಹಾಕಲಿಲ್ಲ. ಅರ್ಧ ಆಟಗಾರನಿಗೆ ಪೂರ್ತಿ ಹೊಗಳಿಕೆ ಯಾಕೆ?"

ಮೇಷ್ಟ್ರೇ, ನಿಮ್ಮ ಕಾಗದ ನೋಡಿ ಖುಷಿಯಾಯಿತು. ಎರಡು ಪುಟ, ಮುದ್ದಾದ ಅಕ್ಷರ, ಎಲ್ಲೂ ಒಂದು ಚಿತ್ತಿಲ್ಲ. ಡೌನ್‌ಹಿಲ್ ಇಳಿಯುವವರ ಧೈರ್ಯ ದೊಡ್ಡದು, ಒಪ್ಪಿದೆ. ಲಕ್ಸೆಂಬರ್ಗ್ ಪರ ಆಡಿದ ಮಾರ್ಕ್ ಜಿರಾರ್ಡೆಲ್ಲಿ ಎಲ್ಲ ವಿಭಾಗಗಳಲ್ಲೂ ಗೆದ್ದು, ಋತುವಿಡೀ ನಡೆಯುವ ಸ್ಪರ್ಧೆಗಳ ಅಂಕ ಕೂಡಿಸಿ ಕೊಡುವ ವಿಶ್ವಕಪ್ಪನ್ನು ಐದು ಸಲ ಎತ್ತಿದರು. ಅವರಿಗೂ ನಮಸ್ಕಾರ. ಆದರೆ 'ಅರ್ಧ ಆಟಗಾರ' ಅನ್ನೋ ಮಾತು ಮಾತ್ರ ನನಗೆ ಚುಚ್ಚಿತು.

ಸ್ಲಾಲಂ ಅಂದರೆ ಏನು ಅಂತ ಒಮ್ಮೆ ನೋಡಿ. ಕಡಿದಾದ ಹಿಮದ ಇಳಿಜಾರು. ಉದ್ದಕ್ಕೂ ಕೆಂಪು, ನೀಲಿ ಕಂಬಗಳು. ಒಂದನ್ನು ಬಳಸಿ ಹೋದ ಕೂಡಲೇ ಇನ್ನೊಂದು ಎದುರಿಗೆ ಬಂದಿರುತ್ತದೆ. ಒಂದು ತಪ್ಪಿದರೂ ಆಟ ಮುಗಿಯಿತು. ಎರಡು ಸಲ ಇಳಿಯಬೇಕು, ಎರಡರ ಹೊತ್ತು ಕೂಡಿಸಿ ಲೆಕ್ಕ. ಸೆಕೆಂಡಿನ ನೂರರಲ್ಲೊಂದು ಪಾಲಿಗೆ ಪದಕ ಕೈತಪ್ಪುತ್ತದೆ. ಇದರ ಅಣ್ಣನಂಥ ಜೈಂಟ್ ಸ್ಲಾಲಂನಲ್ಲಿ ಕಂಬಗಳು ಇನ್ನಷ್ಟು ದೂರ ದೂರ ಇರುತ್ತವೆ, ಲೆಕ್ಕ ಮಾತ್ರ ಅದೇ. 1979ರ ಫೆಬ್ರವರಿಯಲ್ಲಿ ಚೆಕೊಸ್ಲೊವಾಕಿಯದ ಯಾಸ್ನಾದಲ್ಲಿ ಸ್ಟೆನ್‌ಮಾರ್ಕ್ ಅದನ್ನು ಗೆದ್ದ ಅಂತರ 4.06 ಸೆಕೆಂಡ್! ಗಡಿಯಾರ ಹಿಡಿದು ನಾಲ್ಕು ಸೆಕೆಂಡ್ ಸುಮ್ನೆ ಕೂತು ನೋಡಿ ಮೇಷ್ಟ್ರೇ. ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ನೀವೇ ಸ್ಟಾಪ್‌ವಾಚ್ ಹಿಡಿದವರು, ನಿಮಗೆ ನಾನು ಹೇಳಬೇಕೇ?

ಆ ಋತುವಿನಲ್ಲಿ ಅವರು ಗೆದ್ದ ಸ್ಪರ್ಧೆಗಳು 13. ಜೈಂಟ್ ಸ್ಲಾಲಂ ನಡೆದದ್ದು ಹತ್ತು, ಹತ್ತೂ ಅವರದೇ. ಒಟ್ಟಾರೆ ಪಟ್ಟಿಯಲ್ಲಿ ಅವರಿಗೆ ಸಿಕ್ಕ ಜಾಗ? ಐದನೆಯದು. ಯಾಕೆ ಗೊತ್ತಾ? ಹಿಂದಿನ ಮೂರು ವರ್ಷ ವಿಶ್ವಕಪ್ ಅವರ ಕೈಯಲ್ಲೇ ಇತ್ತು. ಆಮೇಲೆ ನಿಯಮ ಬದಲಾಯಿತು. ಒಂದೊಂದು ವಿಭಾಗದಲ್ಲಿ ಕೆಲವೇ ಫಲಿತಾಂಶ ಲೆಕ್ಕಕ್ಕೆ, ಉಳಿದ ಗೆಲುವುಗಳಿಗೆ ಬೆಲೆ ಇಲ್ಲ. ಇಷ್ಟು ವರ್ಷದ ಮೇಲೂ ಇದನ್ನು ಓದಿದರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಗುಂಡಿಗೆಯ ಮಾತು. 1979ರ ಸೆಪ್ಟೆಂಬರಿನಲ್ಲಿ ಇಟಲಿಯಲ್ಲಿ ಅವರು ಬಿದ್ದು ತಲೆಗೆ ಜೋರು ಪೆಟ್ಟು ಮಾಡಿಕೊಂಡದ್ದು ಅದೇ ಡೌನ್‌ಹಿಲ್ ಅಭ್ಯಾಸದಲ್ಲಿ. ಐದು ತಿಂಗಳ ಮೇಲೆ ಅಮೆರಿಕದ ಲೇಕ್ ಪ್ಲ್ಯಾಸಿಡ್‌ನಲ್ಲಿ ಒಲಿಂಪಿಕ್ಸ್. ಸ್ಲಾಲಂನ ಮೊದಲ ಇಳಿತದಲ್ಲಿ ಅವರು ನಾಲ್ಕನೆಯವರು. ಎರಡನೆಯದರಲ್ಲಿ ಎಲ್ಲರನ್ನೂ ಹಿಂದಿಕ್ಕಿ ಚಿನ್ನ. ಜೈಂಟ್ ಸ್ಲಾಲಂನಲ್ಲೂ ಹಿಂದಿನಿಂದ ಬಂದೇ ಚಿನ್ನ. ಮರುವರ್ಷ ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್‌ನ ಡೌನ್‌ಹಿಲ್ಲಿಗೂ ಇಳಿದು ಬಂದರು. ಇದು ಪುಕ್ಕಲರ ಲಕ್ಷಣವೇ? ಸ್ವೀಡನ್ನಿನಲ್ಲಿ ಅವರ ಎರಡನೇ ಇಳಿತದ ಹೊತ್ತಿಗೆ ಶಾಲೆಗಳಲ್ಲಿ ಪಾಠ ನಿಲ್ಲಿಸಿ ಟಿ.ವಿ. ಹಾಕುತ್ತಿದ್ದರಂತೆ.

ನಮ್ಮ ಸ್ಪಿನ್ ಬೌಲರ್ ಬಿ.ಎಸ್. ಚಂದ್ರಶೇಖರ್ ಅವರನ್ನೇ ತಗೊಳ್ಳಿ. ಟೆಸ್ಟ್‌ಗಳಲ್ಲಿ 242 ವಿಕೆಟ್, ಹೊಡೆದ ರನ್ನು 167. ಅವರನ್ನು ಅರ್ಧ ಆಟಗಾರ ಅಂತೀರಾ? ಖಂಡಿತ ಅನ್ನಲ್ಲ.

ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಹಿರಿಯರೊಬ್ಬರಿದ್ದರು. ಕಣ್ಣು ಬರಹದ ಮೇಲೆ, ಬಲಗೈ ಮೊಳೆಗಳ ಮೇಲೆ. ಯಾವ ಒತ್ತಕ್ಷರ ಯಾವ ಮನೆಯಲ್ಲಿದೆ ಅಂತ ಬೆರಳಿಗೇ ಗೊತ್ತು. "ಮಿಷನ್ ಓಡಿಸೋಕೆ ಬರಲ್ಲ, ಬೈಂಡಿಂಗ್ ಬರಲ್ಲ" ಅಂತ ಮಾಲೀಕರು ಅವರ ಸಂಬಳ ಏರಿಸಲೇ ಇಲ್ಲ. ಎಲ್ಲವೂ ಅರೆಬರೆ ಬರುತ್ತಿದ್ದ ಹುಡುಗನಿಗೆ ಏರಿಸಿದರು. ಹಿರಿಯರು ಬಿಟ್ಟುಹೋದರು. ಆಮೇಲೆ ಪ್ರೂಫ್ ನೋಡಿ ನೋಡಿ ನನ್ನ ಕಣ್ಣು ಹೋಯಿತು.

ಈಗಲೂ ಅದೇ ಕಥೆ. ಸೋಮವಾರ ಕರಾಟೆ, ಮಂಗಳವಾರ ಕೀಬೋರ್ಡ್, ಬುಧವಾರ ಅಬ್ಯಾಕಸ್, ಶನಿವಾರ ಈಜು. ಮಗುವಿಗೆ ಒಂದರಲ್ಲಿ ಮನಸ್ಸು ನೆಟ್ಟಿತು ಅನ್ನುವಷ್ಟರಲ್ಲಿ ಇನ್ನೊಂದರ ಹೊತ್ತಾಯಿತು ಅಂತ ಎಬ್ಬಿಸುತ್ತೇವೆ. ಯಾರಿಗೂ ಪುರುಸೊತ್ತಿಲ್ಲ.

ಸ್ಟೆನ್‌ಮಾರ್ಕ್ 1989ರಲ್ಲಿ ನಿವೃತ್ತರಾದಾಗ ವಿಶ್ವಕಪ್ಪಿನ ಬಿಡಿ ಸ್ಪರ್ಧೆಗಳಲ್ಲಿ 86 ಗೆಲುವು: ಸ್ಲಾಲಂ 40, ಜೈಂಟ್ ಸ್ಲಾಲಂ 46. ಅದನ್ನು ದಾಟಲು 34 ವರ್ಷ ಬೇಕಾಯಿತು. 2023ರಲ್ಲಿ ಅಮೆರಿಕದ ಮಿಕೇಲಾ ಶಿಫ್ರಿನ್ ದಾಟಿದ್ದು ಸ್ವೀಡನ್ನಿನ ಓರೆ ಅನ್ನೋ ಊರಿನಲ್ಲೇ, ಅದೂ ಸ್ಲಾಲಂನಲ್ಲೇ.

ಮೇಷ್ಟ್ರೇ, ನಿಮ್ಮ ಶಾಲೆಯಲ್ಲೂ ಅಂಥ ಒಬ್ಬ ಹುಡುಗ ಇದ್ದಿರಬೇಕು ಅಲ್ವಾ? ಓಟ ಬಾರದ, ಕಬಡ್ಡಿ ಬಾರದ, ಬರೀ ಉದ್ದ ಜಿಗಿತ ಮಾತ್ರ ಬರುತ್ತಿದ್ದವನು. ಅವನ ಬಗ್ಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ನಿಮಗೇ ಇಟ್ಟಿರುತ್ತೇನೆ.

— ಸಂಪಾದಕ