ಎಂಬತ್ತರ ಗೆಳತಿಯರು ಸೇಡಿಗೆ ಹೊರಟರೆ ನಗು ಬರುತ್ತಾ? ‘ಮೂವಿಂಗ್ ಆನ್’ ಅಮ್ಮನ ಜೊತೆ ನೋಡಬಹುದಾ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇವೆ. ಜೇನ್ ಫೋಂಡಾ, ಲಿಲಿ ಟಾಮ್ಲಿನ್ ಇಬ್ಬರೂ ನಟಿಸಿರುವ ಈ ಡಾರ್ಕ್ ಕಾಮಿಡಿ, ಅಂದರೆ ಸಾವು ನೋವಿನ ನಡುವೆ ನಗಿಸುವ ಸಿನಿಮಾ, ಹೇಗಿದೆ, ಅರವತ್ತು ದಾಟಿದ ಅಮ್ಮನ ಜೊತೆ ಕೂತು ನೋಡಬಹುದಾ ಅನ್ನೋದು ಒಂದು. ಇಷ್ಟು ಗಂಭೀರ ವಿಷಯದಲ್ಲಿ ನಗು ಎಲ್ಲಿಂದ ಬರುತ್ತೆ ಅನ್ನೋದು ಇನ್ನೊಂದು.

ನೋಡಬಹುದು. ಒಂದೂವರೆ ಗಂಟೆಯೂ ಇಲ್ಲ. ಆದರೆ ‘ಕಾಮಿಡಿ ಇದೆ ಬಾ’ ಅಂತ ಹೇಳಿ ಅಮ್ಮನನ್ನು ಕೂರಿಸಬೇಡಿ. ಕಥೆಯ ಬುಡದಲ್ಲಿ ಒಂದು ಅತ್ಯಾಚಾರ ಇದೆ, ದಶಕಗಳ ಹಿಂದೆ ನಡೆದದ್ದು. ಮಾತಿನಲ್ಲಿ ಬಂದರೂ ಚುಚ್ಚುತ್ತದೆ. ಮೊದಲೇ ಹೇಳಿಬಿಟ್ಟರೆ ಅವರು ತಯಾರಾಗಿ ಕೂರುತ್ತಾರೆ, ನಗುವ ಕಡೆ ಆರಾಮಾಗಿ ನಗುತ್ತಾರೆ.

ನಾನು ಬಾಗಲಕೋಟೆಯ ನವನಗರದವಳು. ಇದನ್ನು ನೋಡಿದ್ದು ನಮ್ಮ ಅತ್ತೆ ಮತ್ತು ಅವರ ಗೆಳತಿಯರ ಜೊತೆ. ಅತ್ತೆಯ ಪಕ್ಕ ಕೂತು ಸೇಡಿನ ಸಿನಿಮಾ ನೋಡುವ ಸೊಸೆಯ ಧೈರ್ಯ ನೀವು ಮೆಚ್ಚಬೇಕು! ಈ ಗೆಳತಿಯರೆಲ್ಲ ಹಳೇ ಬಾಗಲಕೋಟೆಯಲ್ಲಿ ಒಂದೇ ಓಣಿಯವರು. ಆಲಮಟ್ಟಿ ಹಿನ್ನೀರಿಗೆ ಊರಿನ ತಗ್ಗಿನ ಭಾಗ ಮುಳುಗಡೆ ಆದಾಗ ಒಬ್ಬರಿಗೆ ಈ ಸೆಕ್ಟರ್‌ನಲ್ಲಿ ಜಾಗ ಸಿಕ್ಕಿತು, ಇನ್ನೊಬ್ಬರಿಗೆ ಆ ಸೆಕ್ಟರ್‌ನಲ್ಲಿ, ಮತ್ತೊಬ್ಬರು ವಿದ್ಯಾಗಿರಿ ಕಡೆ ಹೋದರು. ಕಟ್ಟೆಯ ಮೇಲೆ ಕೂತು ದಿನಾ ಮಾತಾಡುತ್ತಿದ್ದವರು ಈಗ ಸೇರುವುದು ಮದುವೆಯಲ್ಲಿ, ಇಲ್ಲವೇ ಮಣ್ಣಿಗೆ ಹೋದಾಗ. ವಯಸ್ಸಾದ ಹಾಗೆ ಮದುವೆ ಕಡಿಮೆ, ಮಣ್ಣು ಜಾಸ್ತಿ.

ಅದಕ್ಕೇ ಈ ಸಿನಿಮಾದ ಮೊದಲ ದೃಶ್ಯ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕ್ಲೇರ್ ಅನ್ನುವವಳು ಹಳೆಯ ಗೆಳತಿ ಜಾಯ್ಸ್‌ಳ ಅಂತ್ಯಕ್ರಿಯೆಗೆ ದೂರದ ಓಹಾಯೋದಿಂದ ಕ್ಯಾಲಿಫೋರ್ನಿಯಾಕ್ಕೆ ಬರುತ್ತಾಳೆ. ಈ ಪಾತ್ರ ಫೋಂಡಾಳದ್ದು. ಹೆಂಡತಿಯನ್ನು ಕಳೆದುಕೊಂಡು ನಿಂತಿರುವ ಹೋವರ್ಡ್ ಹತ್ತಿರ ಹೋಗಿ, ಎಲ್ಲರೂ ಸಮಾಧಾನ ಹೇಳುವ ಹೊತ್ತಿನಲ್ಲಿ, ನಿನ್ನನ್ನು ಕೊಲ್ಲುತ್ತೇನೆ ಅಂತ ಹೇಳುತ್ತಾಳೆ. ಕೂಗುವುದಿಲ್ಲ, ಅಳುವುದಿಲ್ಲ. ನಾಳೆ ಕರೆಂಟ್ ಬಿಲ್ ಕಟ್ಟುತ್ತೇನೆ ಅನ್ನುವ ಧಾಟಿ. ಹೋವರ್ಡ್ ಪಾತ್ರ ಮಾಲ್ಕಮ್ ಮೆಕ್‌ಡೊವೆಲ್ ಮಾಡಿದ್ದಾರೆ. ಸಭ್ಯಸ್ಥನ ಮುಖ ಇಟ್ಟುಕೊಂಡೇ ಮೈ ಉರಿಸುವ ಕಲೆ ಅವರಿಗೆ ಚೆನ್ನಾಗಿ ಗೊತ್ತು. ಅಲ್ಲೇ ಇನ್ನೊಬ್ಬ ಗೆಳತಿ ಎವೆಲಿನ್ ಬಂದು ಸೇರುತ್ತಾಳೆ. ಇದು ಟಾಮ್ಲಿನ್ ಪಾತ್ರ. ಎವೆಲಿನ್ ಒಂದು ಕಾಲದಲ್ಲಿ ಚೆಲ್ಲೋ ನುಡಿಸುತ್ತಿದ್ದವಳು, ಮಾತು ಚಾಕುವಿನಂಥದ್ದು. ಇಬ್ಬರೂ ಸೇರಿ ಕೊಲೆಯ ತಯಾರಿ ಶುರು ಮಾಡುತ್ತಾರೆ. ಮುಂದಿನದನ್ನು ನಾನು ಹೇಳುವುದಿಲ್ಲ.

ಈಗ ನಗುವಿನ ವಿಚಾರ. ಇಂಥ ಸಿನಿಮಾಗಳಲ್ಲಿ ನಗು ಕೊಲೆಯಿಂದ ಬರುವುದಿಲ್ಲ, ಆ ಬೆದರಿಕೆಯನ್ನು ಯಾರೂ ನಂಬುವುದಿಲ್ಲವಲ್ಲ, ಅದರಿಂದ ಬರುತ್ತದೆ. ಮೂವತ್ತರ ಗಂಡಸು ಸಾವಿನ ಮನೆಯಲ್ಲಿ ‘ಕೊಲ್ತೀನಿ’ ಅಂದರೆ ನಾಲ್ಕು ಜನ ಹಿಡಿದು ಹೊರಗೆ ಹಾಕುತ್ತಾರೆ, ಪೊಲೀಸರು ಬರುತ್ತಾರೆ. ಎಂಬತ್ತರ ಹೆಂಗಸು ಅಂದರೆ? ‘ಪಾಪ, ದುಃಖದಲ್ಲಿ ಏನೋ ಅಂತಿದ್ದಾರೆ’ ಅಂತ ಟೀ ತಂದುಕೊಡುತ್ತಾರೆ.

ಸಾವಿನ ಮನೆಯಲ್ಲೇ ಸಿಟ್ಟಿನ ಮಾತು ಆಡಿಬಿಡಲು ನಮ್ಮ ಕಡೆ ಒಂದು ಹಳೆಯ ದಾರಿ ಇದೆ. ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುವುದನ್ನು ನೀವು ನೋಡಿರಬಹುದು. ಸುಮ್ನೆ ಅಳುವುದಲ್ಲ. ಸತ್ತವಳ ಗುಣ ಹಾಡುತ್ತಾರೆ, ತವರಿನ ನೆನಪು ಹಾಡುತ್ತಾರೆ. ಹಾಡುತ್ತಾ ಹಾಡುತ್ತಾ ಮೆಲ್ಲಗೆ ದೂರು ಶುರುವಾಗುತ್ತದೆ. ಯಾವ ಗಂಡ ಯಾವಾಗ ಕೈ ಎತ್ತಿದ, ಯಾವ ಮೈದುನ ಹೊಲದ ಪಾಲು ನುಂಗಿದ, ಯಾರು ಹೊಟ್ಟೆಗೆ ಸರಿಯಾಗಿ ಹಾಕಲಿಲ್ಲ, ಎಲ್ಲ ರಾಗದಲ್ಲೇ ಹೊರಗೆ ಬರುತ್ತದೆ. ಅದೇ ಗಂಡ, ಅದೇ ಮೈದುನ ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಲೆ ತಗ್ಗಿಸಿ ಕೂತಿರುತ್ತಾರೆ. ಅಳುವವಳನ್ನು ‘ಸುಮ್ನಿರು’ ಅನ್ನೋ ಹಾಗಿಲ್ಲ. ಊರಿಗೆ ಊರೇ ಕೇಳಿಸಿಕೊಳ್ಳುತ್ತದೆ. ಮರುದಿನ ಯಾರೂ ಆ ಮಾತು ಎತ್ತುವುದಿಲ್ಲ, ಮರೆಯುವುದೂ ಇಲ್ಲ.

ನಾನು ಸಣ್ಣವಳಿದ್ದಾಗ ಒಂದು ಸಾವಿನ ಮನೆಯಲ್ಲಿ ಸತ್ತವಳ ಅಕ್ಕ ಹೀಗೆ ಹಾಡುತ್ತಾ ತಂಗಿಯ ಬಂಗಾರದ ಲೆಕ್ಕ ಒಪ್ಪಿಸಿದ್ದು ನೆನಪಿದೆ. ಪಾಟ್ಲಿ ಯಾವ ವರ್ಷ ಅಡವಿಟ್ಟರು, ಬೋರಮಾಳ ಸರ ಯಾರ ಮದುವೆಗೆ ಕರಗಿತು, ಎಲ್ಲ. ಬಾಗಿಲ ಹತ್ತಿರ ನಿಂತಿದ್ದ ಹುಡುಗಿಯರಿಗೆ ನಗು ತಡೆಯಲು ಆಗುತ್ತಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡಿದ್ದಾರೆ. ದುಃಖ ಸುಳ್ಳಲ್ಲ, ನಗುವೂ ಸುಳ್ಳಲ್ಲ. ಡಾರ್ಕ್ ಕಾಮಿಡಿ ಅಂದರೇನು ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಪಡಸಾಲೆ.

ಹಾಗಾಗಿ ಕ್ಲೇರ್ ಬೆದರಿಕೆ ಹಾಕಿದಾಗ ನಮ್ಮ ಅತ್ತೆಯ ಗೆಳತಿಯರು ಬೆಚ್ಚಿ ಬೀಳಲಿಲ್ಲ. ಒಬ್ಬರು, ‘ಇಷ್ಟ್ ವರ್ಷ ಯಾಕ ಸುಮ್ಮನಿದ್ಲಂತ?’ ಅಂದರು. ಪಕ್ಕದವರು, ‘ಗೆಳತಿ ಗಂಡ ಅಲ್ಲೇನ. ಯಾರ ಮುಂದ ಹೇಳೋದಿತ್ತು?’ ಅಂದರು. ಸಿನಿಮಾದ ಅರ್ಧ ವಿಮರ್ಶೆ ಅಲ್ಲೇ ಮುಗಿಯಿತು. ಗೆಳತಿಯ ಸಂಸಾರ ಒಡೆಯಬಾರದು ಅಂತ ಬಾಯಿ ಕಟ್ಟಿಕೊಂಡವಳಿಗೆ ಆ ಗೆಳತಿ ಹೋದ ದಿನವೇ ಬಾಯಿ ಬಿಡುಗಡೆ ಆಗುತ್ತದೆ. ಈ ಲೆಕ್ಕ ಅವರಿಗೆ ನನಗಿಂತ ಬೇಗ ಹತ್ತಿತು.

ಅವರು ಬಿದ್ದು ಬಿದ್ದು ನಕ್ಕದ್ದು ಬಂದೂಕಿನ ಪಾಡಿಗೆ. ಕೊಲ್ಲುವ ನಿರ್ಧಾರ ಸುಲಭ, ಸಾಮಾನು ಹೊಂದಿಸುವುದು ಕಷ್ಟ. ಅಮೆರಿಕದಲ್ಲಿ ಬಂದೂಕು ತರಕಾರಿ ಹಾಗೆ ಸಿಗುತ್ತೆ ಅಂದುಕೊಂಡಿದ್ದವರಿಗೆ ಕ್ಲೇರ್ ಪರದಾಡುವುದು ನೋಡಿ ಖುಷಿಯೋ ಖುಷಿ. ‘ಒನಕಿ ಇಲ್ಲೇನ ಆ ಊರಾಗ?’ ಅಂತ ಒಂದು ಸಲಹೆಯೂ ಬಂತು. ಆಮೇಲೆ ಸಿನಿಮಾ ನಿಲ್ಲಿಸಿ ಒಳ್ಳೆಯ ಉಪಾಯ ಯಾವುದು ಅಂತ ಚರ್ಚೆ ಶುರುವಾಯಿತು. ಚಹಾ, ಸೂಸಲ ಎಲ್ಲ ಆಯಿತು. ನಾನು ಬರೀ ಕೇಳಿಸಿಕೊಂಡೆ. ಆ ಉಪಾಯಗಳನ್ನು ಇಲ್ಲಿ ಬರೆಯುವುದು ನಮ್ಮ ಮನೆಯ ಗಂಡಸರ ಆರೋಗ್ಯಕ್ಕೆ ಒಳ್ಳೆಯದಲ್ಲ.

ನಟನೆಯ ಬಗ್ಗೆ ಹೇಳಲೇಬೇಕು. ಫೋಂಡಾ ಹುಟ್ಟಿದ್ದು 1937ರಲ್ಲಿ, ಟಾಮ್ಲಿನ್ 1939ರಲ್ಲಿ. ಸಿನಿಮಾ 2022ರಲ್ಲಿ ಟೊರೊಂಟೊ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡಿತು, ಮರುವರ್ಷ ಬಿಡುಗಡೆ ಆಯಿತು. ಅಂದರೆ ಪಾತ್ರದ ವಯಸ್ಸು ಮೇಕಪ್ಪಿನಲ್ಲಿ ತಂದದ್ದಲ್ಲ. ಇವರಿಬ್ಬರ ಜೋಡಿ ಶುರುವಾದದ್ದು 1980ರ ‘ನೈನ್ ಟು ಫೈವ್’ನಲ್ಲಿ. ಆಮೇಲೆ ‘ಗ್ರೇಸ್ ಆ್ಯಂಡ್ ಫ್ರ್ಯಾಂಕಿ’ ಸರಣಿಯಲ್ಲಿ 2015ರಿಂದ 2022ರವರೆಗೆ ಏಳು ಸೀಸನ್ ಒಟ್ಟಿಗೆ ಮಾಡಿದರು. ಇಷ್ಟು ವರ್ಷದ ಒಡನಾಟ ಇರುವುದರಿಂದ ಒಬ್ಬರ ಮಾತು ಮುಗಿಯುವ ಮುಂಚೆಯೇ ಇನ್ನೊಬ್ಬರ ಹುಬ್ಬು ಉತ್ತರ ಕೊಡುತ್ತದೆ. ಕ್ಲೇರ್‌ಳ ಮಾಜಿ ಗಂಡ ರಾಲ್ಫ್ ಆಗಿ ರಿಚರ್ಡ್ ರೌಂಡ್‌ಟ್ರೀ ಇದ್ದಾರೆ, 1971ರ ‘ಶಾಫ್ಟ್’ನ ನಾಯಕ. ಸೇಡಿನ ಕಥೆಯ ನಡುವೆ ಕ್ಲೇರ್ ಮತ್ತು ರಾಲ್ಫ್ ದೃಶ್ಯಗಳು ಮೆತ್ತಗೆ ಬರುತ್ತವೆ. ನಮ್ಮವರಿಗೆ ಇವರೇ ಇಷ್ಟವಾದರು.

ಎವೆಲಿನ್ ಮತ್ತು ಸತ್ತ ಜಾಯ್ಸ್ ನಡುವೆ ಬರೀ ಗೆಳೆತನ ಅಲ್ಲ, ಪ್ರೀತಿ ಇತ್ತು ಅನ್ನುವುದೂ ಕಥೆಯಲ್ಲಿದೆ. ನಿಮ್ಮ ಅಮ್ಮ ಇದನ್ನು ಹೇಗೆ ತೆಗೆದುಕೊಳ್ಳುತ್ತಾರೋ ಅಂತ ಚಿಂತೆ ಇರಬಹುದು. ನಮ್ಮಲ್ಲಿ ಒಂದು ನಿಮಿಷ ಮೌನ ಆಯಿತು. ಆಮೇಲೆ ‘ಹೂಂ, ಮುಂದ ಹಚ್ಚು’ ಅಂದರು. ಅಷ್ಟೇ.

ಕೊರತೆ ಇಲ್ಲವಾ? ಇದೆ. ನಿರ್ದೇಶಕ ಪಾಲ್ ವೈಟ್ಜ್ ಕಪ್ಪು ಬಣ್ಣ ಹಚ್ಚಲು ಕೈ ಎತ್ತುತ್ತಾರೆ, ಅರ್ಧದಲ್ಲೇ ಹಿಂಜರಿಯುತ್ತಾರೆ. ಮೊದಲ ದೃಶ್ಯದಲ್ಲಿದ್ದ ಧೈರ್ಯ ಕೊನೆಯವರೆಗೂ ಉಳಿಯುವುದಿಲ್ಲ. ಗಂಭೀರ ಮಾತು ಮುಗಿದ ತಕ್ಷಣ ಒಂದು ಜೋಕು ಬಂದು ಕೂರುತ್ತದೆ. ಒಂದೆರಡು ಕಡೆ ಅದು ಬೇಕಿರಲಿಲ್ಲ. ಮುಕ್ತಾಯವೂ ಸ್ವಲ್ಪ ಸಲೀಸಾಯಿತು ಅಂತ ನನ್ನ ಅಭಿಪ್ರಾಯ. ಅತ್ತೆ ಒಪ್ಪಲಿಲ್ಲ.

ಈ ಜಾತಿಯ ಬೇರೆ ಸಿನಿಮಾ ಬೇಕು ಅಂದರೆ ‘ನೈನ್ ಟು ಫೈವ್’ ತಪ್ಪಿಸಬೇಡಿ. ಇಲ್ಲಿ ಗೆಳತಿಯರು ವಯಸ್ಸಾದವರಲ್ಲ, ಆಫೀಸಿನಲ್ಲಿ ಕೆಲಸ ಮಾಡುವ ಮೂವರು. ಮೂರನೆಯವರು ಡಾಲಿ ಪಾರ್ಟನ್. ದುಷ್ಟ ಬಾಸನ್ನು ಅವನ ಮನೆಯಲ್ಲೇ ಕೂಡಿಹಾಕಿ, ಅವನ ಹೆಸರಿನಲ್ಲೇ ಆಫೀಸಿನ ನಿಯಮ ಬದಲಾಯಿಸುತ್ತಾರೆ. ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ಅನುಕೂಲದ ಸಮಯಕ್ಕೆ ಕೆಲಸ, ಹೀಗೆ. ಈ ಹೆಸರು ಬಂದದ್ದು 1973ರಲ್ಲಿ ಬೋಸ್ಟನ್ನಿನಲ್ಲಿ ಆಫೀಸಿನ ಹೆಂಗಸರು ಕಟ್ಟಿಕೊಂಡ ಸಂಘಟನೆಯಿಂದ. ಸೇಡು ಅಂದರೆ ಪಗಾರ, ರಜೆ, ಮರ್ಯಾದೆ ಅಂತ ಇಷ್ಟು ತಮಾಷೆಯಾಗಿ ಹೇಳಿದ ಸಿನಿಮಾ ಕಡಿಮೆ.

1996ರ ‘ದಿ ಫಸ್ಟ್ ವೈವ್ಸ್ ಕ್ಲಬ್’ ಕೂಡ ಅಂತ್ಯಕ್ರಿಯೆಯಿಂದಲೇ ಶುರುವಾಗುತ್ತದೆ. ಗಂಡ ಬಿಟ್ಟುಹೋದ ಗೆಳತಿಯೊಬ್ಬಳು ಪ್ರಾಣ ಕಳೆದುಕೊಳ್ಳುತ್ತಾಳೆ. ಕಾಲೇಜಿನ ಉಳಿದ ಮೂವರು ಗೆಳತಿಯರು ಐವತ್ತರ ಹತ್ತಿರ ಮತ್ತೆ ಸೇರಿ ತಮ್ಮ ಗಂಡಂದಿರ ದುಡ್ಡಿಗೆ ಕೈ ಹಾಕುತ್ತಾರೆ. ಗೋಲ್ಡಿ ಹಾನ್, ಬೆಟ್ ಮಿಡ್ಲರ್, ಡಯೇನ್ ಕೀಟನ್. ಶುರುವಿನಲ್ಲಿ ಕಪ್ಪು, ಆಮೇಲೆ ಪೂರ್ತಿ ಬಣ್ಣ ಬಣ್ಣ. ಸಂಜೆ ಹೊತ್ತು ಹಗುರಾಗಿ ನೋಡಲು ಇದು ಸರಿ.

‘ಆರ್ಸೆನಿಕ್ ಆ್ಯಂಡ್ ಓಲ್ಡ್ ಲೇಸ್’ 1944ರದ್ದು, ಕಪ್ಪು ಬಿಳುಪು. ಇಬ್ಬರು ಪ್ರೀತಿಯ ಮುದುಕಿಯರು ಒಂಟಿ ಮುದುಕರಿಗೆ ಮನೆಯಲ್ಲೇ ಮಾಡಿದ ವೈನ್‌ನಲ್ಲಿ ವಿಷ ಬೆರೆಸಿ ಕೊಡುತ್ತಾರೆ, ಹೆಣವನ್ನು ನೆಲಮಾಳಿಗೆಯಲ್ಲಿ ಹೂಳಿಸುತ್ತಾರೆ. ಇದು ಸೇಡಲ್ಲ, ಅವರ ಪ್ರಕಾರ ಇದು ಪುಣ್ಯದ ಕೆಲಸ! ವಯಸ್ಸಾದ ಹೆಂಗಸರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ ಅನ್ನುವ ಒಂದೇ ಎಳೆಯನ್ನು ಕೊನೆಯವರೆಗೂ ಎಳೆದು ತೋರಿಸಿದ್ದಾರೆ. ಮೇಲೆ ಹೇಳಿದ ಎಲ್ಲಕ್ಕಿಂತ ಇದೇ ಚೂಪು.

2024ರ ‘ಥೆಲ್ಮಾ’ದಲ್ಲಿ ಜೂನ್ ಸ್ಕ್ವಿಬ್ ಇದ್ದಾರೆ, ತೊಂಬತ್ತು ದಾಟಿದವರು. ಮೊಮ್ಮಗ ಆಪತ್ತಿನಲ್ಲಿದ್ದಾನೆ ಅಂತ ಫೋನಿನಲ್ಲಿ ನಂಬಿಸಿ ಹತ್ತು ಸಾವಿರ ಡಾಲರ್ ಹೊಡೆದವರನ್ನು ಹುಡುಕಿಕೊಂಡು, ನಡೆಯಲು ಕಷ್ಟ ಇರುವವರು ಓಡಿಸುವ ಮೊಬಿಲಿಟಿ ಸ್ಕೂಟರ್ ಮೇಲೆ ಹೊರಡುತ್ತಾರೆ. ಜೊತೆಗೆ ಅದೇ ರೌಂಡ್‌ಟ್ರೀ. ‘ಡಿಜಿಟಲ್ ಅರೆಸ್ಟ್’ ಫೋನಿಗೆ ನಮ್ಮ ಹಿರಿಯರೂ ಹೆದರುತ್ತಿರುವ ಕಾಲದಲ್ಲಿ ಇದನ್ನು ಮನೆಮಂದಿಯೆಲ್ಲ ಕೂತು ನೋಡಬಹುದು. ಮುಜುಗರ ಏನೂ ಇಲ್ಲ.

ಕನ್ನಡದಲ್ಲಿ ಇಂಥದ್ದು ಬೇಕು ಅಂತ ನನಗೆ ಬಹಳ ಆಸೆ. ನಮ್ಮ ಕಂಪನಿ ನಾಟಕಗಳಲ್ಲಿ ವಯಸ್ಸಾದ ಹೆಂಗಸು ಅಂದರೆ ಅಳುವ ತಾಯಿ, ಇಲ್ಲವೇ ಜಗಳಗಂಟಿ ಅತ್ತೆ. ಬನಶಂಕರಿ ಜಾತ್ರೆಯ ಟೆಂಟುಗಳಲ್ಲಿ ನಾನು ನೋಡಿದ್ದರಲ್ಲಿ ಹೆಚ್ಚಿನವು ಹೀಗೇ. ಆದರೆ ನಟಿಯರಿಗೆ ಬರ ಇಲ್ಲ. ಉಮಾಶ್ರೀ ನಮ್ಮ ಜಿಲ್ಲೆಗೆ ಹೊಸಬರಲ್ಲ, ತೇರದಾಳದಿಂದ 2013ರಲ್ಲಿ ಗೆದ್ದು ಮಂತ್ರಿಯೂ ಆಗಿದ್ದರು. ಅವರ ‘ಒಡಲಾಳ’ ನಾಟಕದ ಸಾಕವ್ವನನ್ನು ನೋಡಿದವರಿಗೆ ಗೊತ್ತು. ಕಳೆದುಹೋದ ಒಂದು ಹುಂಜಕ್ಕೆ ಆ ಮುದುಕಿ ಇಡೀ ಕೇರಿಯನ್ನೇ ಕಟಕಟೆಗೆ ತರುತ್ತಾಳೆ. ನಗುತ್ತೀರಿ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ. ಅವರ ಎದುರಿಗೆ ಬಿ. ಜಯಶ್ರೀ ಅವರನ್ನು ನಿಲ್ಲಿಸಿ. ಘೋಡಗೇರಿಯ ಕಂಬಾರರ ‘ಕರಿಮಾಯಿ’ಯನ್ನು ರಂಗಕ್ಕೆ ತಂದವರು ಅವರು, ಆ ಗಂಟಲಿಗೆ ನಮ್ಮ ಕಡೆಯ ಮಾತು ಒಗ್ಗುತ್ತದೆ. ಹಳೇ ಓಣಿಯ ಇಬ್ಬರು ಗೆಳತಿಯರು, ಒಂದು ಸಾವಿನ ಮನೆ, ಮುಳುಗಡೆ ಪರಿಹಾರದ ದುಡ್ಡು ನುಂಗಿದ ಒಬ್ಬ ಭಾವ. ಕಥೆ ಬರೆಯುವವರಿಗೆ ಇಷ್ಟು ಸಾಕಲ್ವಾ?

ನಿಮ್ಮ ಅಮ್ಮನಿಗೆ ಇಂಗ್ಲಿಷ್ ಕಷ್ಟ ಅಂದರೆ ಹಿಂದಿಯ ‘ಡಾರ್ಲಿಂಗ್ಸ್’ನಿಂದ ಶುರು ಮಾಡಿ, 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು. ಹೊಡೆಯುವ ಗಂಡನ ಮೇಲೆ ಮಗಳು ತಿರುಗಿ ಬೀಳುತ್ತಾಳೆ, ತಾಯಿ ಜೊತೆಗೆ ನಿಲ್ಲುತ್ತಾಳೆ. ಆಲಿಯಾ ಭಟ್ ಮಗಳು, ಶೆಫಾಲಿ ಶಾ ತಾಯಿ. ಹೊಡೆತದ ದೃಶ್ಯಗಳು ಇವೆ, ಅದನ್ನೂ ಮೊದಲೇ ಹೇಳಿ. ಅದು ಹಿಡಿಸಿದರೆ ಮುಂದಿನ ವಾರ ‘ಮೂವಿಂಗ್ ಆನ್’ ಹಾಕಿ, ಅವರ ಒಬ್ಬ ಗೆಳತಿಯನ್ನೂ ಕರೆಯಿರಿ. ಸಬ್‌ಟೈಟಲ್ ಓದಿ ಹೇಳುವ ಕೆಲಸ ನಿಮ್ಮ ಮೇಲೆ ಬರುತ್ತದೆ. ನಡುನಡುವೆ ಸಿನಿಮಾ ನಿಲ್ಲಿಸಿ ಅವರು ಬೇರೆ ಏನೋ ಹಳೆಯದನ್ನು ಮಾತಾಡಲು ಶುರು ಮಾಡಿದರೆ ಬೇಸರ ಮಾಡಿಕೊಂಡು ಪ್ಲೇ ಒತ್ತಬೇಡಿ. ನಮ್ಮ ಮನೆಯಲ್ಲಿ ಆ ಮಾತೇ ಸಿನಿಮಾಕ್ಕಿಂತ ಉದ್ದ ಆಯಿತು.