ಆಲ್ದೋ ಜೊತೆ ಬಟ್ ಯಾಕೆ ತಪ್ಪು?

‘ಆಲ್ದೋ ಐ ಹ್ಯಾಡ್ ಫ್ಯೂ ಫ್ರೆಂಡ್ಸ್, ಬಟ್ ಐ ಫೆಲ್ಟ್ ಲೋನ್ಲಿ’ ಅನ್ನೋ ನಿಮ್ಮ ಇಂಗ್ಲಿಷ್ ವಾಕ್ಯ ತಪ್ಪಾಗಿರುವುದು ಒಂದು ಕಡೆ ಅಲ್ಲ, ಎರಡು ಕಡೆ.

ಮೊದಲು ‘ಬಟ್’ ತೆಗೆಯಿರಿ. ಕನ್ನಡದಲ್ಲಿ ‘ಗೆಳೆಯರಿದ್ದರೂ’ ಅಂದ ಮೇಲೆ ಮತ್ತೆ ‘ಆದರೆ’ ಹಾಕಲ್ಲ ಅಲ್ವಾ? ಇಲ್ಲೂ ಹಾಗೇ, ಒಂದು ಸಾಕು. ‘ಬಟ್’ ಬೇಕೇ ಬೇಕು ಅಂದರೆ ‘ಆಲ್ದೋ’ ಬಿಡಿ.

ಆಮೇಲೆ ‘ಫ್ಯೂ’ ನೋಡಿ. ಜಾಸ್ತಿ ಜನ ಎಡವುವುದು ಇಲ್ಲೇ. ‘ಫ್ಯೂ’ ಅಂದರೆ ‘ಕೆಲವು’ ಅಂತ ಸುಮ್ನೆ ಕಲಿತುಬಿಡುತ್ತೇವೆ. ‘ಕೆಲವು’ ಅನ್ನುವುದಕ್ಕೆ ‘ಎ ಫ್ಯೂ’ ಬೇಕು. ಬರೀ ‘ಫ್ಯೂ’ ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗೆಳೆಯರೇ ಇಲ್ಲದವರಿಗೆ ಒಂಟಿತನ ಕಾಡಿದರೆ ಅದರಲ್ಲಿ ‘ಆದರೂ’ ಎಲ್ಲಿಂದ ಬಂತು?

ಹಾಗಾಗಿ: ‘ಆಲ್ದೋ ಐ ಹ್ಯಾಡ್ ಎ ಫ್ಯೂ ಫ್ರೆಂಡ್ಸ್, ಐ ಫೆಲ್ಟ್ ಲೋನ್ಲಿ.’ ನೀವು ಹೇಳಹೊರಟಿದ್ದು ಇದೇನಾ ಅಂತ ನನಗೆ ಖಾತ್ರಿಯಿಲ್ಲ. ಗೆಳೆಯರು ತೀರಾ ಕಡಿಮೆ, ಅದಕ್ಕೇ ಬೇಜಾರು ಅನ್ನುವುದಾದರೆ ‘ಫ್ಯೂ’ ಹಾಗೇ ಇರಲಿ, ‘ಆಲ್ದೋ’ ಜಾಗಕ್ಕೆ ‘ಬಿಕಾಸ್’ ಹಾಕಿ.

ನೀರು, ಸಮಯದಂಥ ಎಣಿಸಲಾಗದ ವಸ್ತುಗಳಿಗೆ ‘ಲಿಟಲ್’, ‘ಎ ಲಿಟಲ್’. ಅಲ್ಲೂ ‘ಎ’ ಇದ್ದರೆ, ಇಲ್ಲದಿದ್ದರೆ ಆಗುವ ವ್ಯತ್ಯಾಸ ಇದೇ.

‘ಆಲ್ದೋ’ ಬದಲು ‘ಡಿಸ್ಪೈಟ್’ ಬಳಸುವುದಾದರೆ ಮುಂದೆ ‘ಐ ಹ್ಯಾಡ್’ ಬರಲ್ಲ, ‘ಡಿಸ್ಪೈಟ್ ಹ್ಯಾವಿಂಗ್ ಎ ಫ್ಯೂ ಫ್ರೆಂಡ್ಸ್’ ಅನ್ನಬೇಕು.