‘ಇದೊಂದು ಮ್ಯಾಚ್ ಗೆಲ್ಲಿಸು ಕರ್ತನೇ’

ಪ್ರಶ್ನೆ: ನನಗೆ 31 ವರ್ಷ. ಊರು ಗದಗ ಕಡೆ, ಕೆಲಸ ಬೆಂಗಳೂರಲ್ಲಿ. ಸಭೆಯಲ್ಲೇ ಬೆಳೆದವನು, ಈಗ ಯುವಕರ ಸಂಘದ ಖಜಾಂಚಿ. ಎರಡು ವರ್ಷದಿಂದ ಮೊಬೈಲ್‌ನಲ್ಲಿ ಕ್ರಿಕೆಟ್ ಬೆಟ್ಟಿಂಗ್ ಆಡುತ್ತಿದ್ದೇನೆ. ಹೆಂಡತಿ ಮಲಗಿದ ಮೇಲೆ ಶುರು. ₹2.8 ಲಕ್ಷ ಸಾಲವಾಗಿದೆ, ಅದರಲ್ಲಿ ಲೋನ್ ಆ್ಯಪ್‌ನದೂ ಇದೆ. ಅವಳಿಗೆ ಗೊತ್ತಿಲ್ಲ. ದಿನಾ ಬೈಬಲ್ ಓದುತ್ತೇನೆ, ಅತ್ತು ಪ್ರಾರ್ಥನೆ ಮಾಡುತ್ತೇನೆ. ‘ಇದೊಂದು ಮ್ಯಾಚ್ ಗೆಲ್ಲಿಸು ಕರ್ತನೇ, ಸಾಲ ತೀರಿಸಿ ದಶಮಾಂಶ (ಸಭೆಗೆ ಕೊಡುವ ಹತ್ತನೇ ಒಂದು ಪಾಲು) ಕೊಟ್ಟು ಬಿಟ್ಟುಬಿಡ್ತೀನಿ’ ಅಂತಲೂ ಬೇಡಿಕೊಂಡಿದ್ದೇನೆ. ಹೊಸ ವರ್ಷದ ಆರಾಧನೆಯಲ್ಲಿ ನನಗೆ ಬಂದ ವಾಗ್ದಾನದ ಚೀಟಿಯಲ್ಲಿ, ನೀನು ಸಾಲ ಕೊಡುವವನಾಗುತ್ತೀಯೇ ಹೊರತು ತೆಗೆದುಕೊಳ್ಳುವವನಲ್ಲ ಎಂಬ ವಾಕ್ಯವಿತ್ತು. ದೇವರೇ ಹೇಳಿದ ಅಂದುಕೊಂಡು ಆ ವಾರವೇ ದೊಡ್ಡ ಮೊತ್ತ ಹಾಕಿದೆ. ಹೋಯಿತು. ಮೊನ್ನೆ ಸಂಘದ ಕ್ಯಾಂಪ್ ಹಣ ₹46,000 ಟೈಪ್ ಮಾಡಿ, ಪಿನ್ ಹಾಕುವ ಮುಂಚೆ ಕೈ ತೆಗೆದೆ. 40 ದಿನ ಉಪವಾಸ ಮಾಡಿದರೆ ಬಿಡುಗಡೆ ಸಿಗುತ್ತದಾ? ನನ್ನ ಪ್ರಾರ್ಥನೆ ಯಾಕೆ ಕೇಳಿಸುತ್ತಿಲ್ಲ?

ಉತ್ತರ: ಪಿನ್ ಹಾಕಲಿಲ್ಲವಲ್ಲ, ಅದನ್ನು ಸಣ್ಣದು ಅಂದುಕೊಳ್ಳಬೇಡಿ. ಆಸೆ ಬಂತು, ಬೆರಳು ಅಲ್ಲಿಯವರೆಗೂ ಹೋಯಿತು, ಆದರೆ ನಿಂತಿತು. ಶೋಧನೆ, ಅಂದರೆ ಪಾಪದ ಕಡೆ ಎಳೆಯುವ ಸೆಳೆತ, ಬರುವುದೇ ಪಾಪವಲ್ಲ. ಯೇಸುವಿಗೂ ಎಲ್ಲಾ ರೀತಿಯಲ್ಲಿ ನಮ್ಮ ಹಾಗೇ ಶೋಧನೆ ಬಂತು, ಆದರೂ ಪಾಪ ಮಾಡಲಿಲ್ಲ ಅಂತ ಇಬ್ರಿಯರಿಗೆ ಬರೆದ ಪತ್ರದ 4ನೇ ಅಧ್ಯಾಯ ಹೇಳುತ್ತದೆ.

ಮೊದಲು ಆ ಚೀಟಿಯ ವಿಷಯ. ವಾಗ್ದಾನದ ಚೀಟಿಯ ಮೇಲೆ ನನಗೇನೂ ಸಿಟ್ಟಿಲ್ಲ. ಎಷ್ಟೋ ಮನೆಗಳಲ್ಲಿ ಅದನ್ನು ಕ್ಯಾಲೆಂಡರ್ ಪಕ್ಕ ಅಂಟಿಸಿ ವರ್ಷವಿಡೀ ನೋಡಿ ಧೈರ್ಯ ತಂದುಕೊಳ್ಳುತ್ತಾರೆ. ಆದರೆ ಚೀಟಿಯಲ್ಲಿ ಒಂದು ಸಾಲು ಮಾತ್ರ ಹಿಡಿಸುತ್ತದೆ. ನಿಮ್ಮದು ಧರ್ಮೋಪದೇಶಕಾಂಡ 28:12. ಬೈಬಲ್ ತೆಗೆದು ಪೂರ್ತಿ ವಾಕ್ಯ ಓದಿ. ದೇವರು ಕಾಲಕಾಲಕ್ಕೆ ಮಳೆ ಕೊಟ್ಟು, ನಿನ್ನ ಕೈಕೆಲಸವನ್ನು ಆಶೀರ್ವದಿಸುತ್ತಾನೆ ಅಂತ ಅದೇ ವಾಕ್ಯದಲ್ಲಿದೆ. ಹೊಲ ಉಳುವವನಿಗೆ, ದುಡಿಯುವ ಕೈಗೆ ಹೇಳಿದ ಮಾತು ಅದು. ರಾತ್ರಿ ಒಂದು ಗಂಟೆಗೆ ಯಾರೋ ಹೊಡೆಯುವ ಸಿಕ್ಸರ್‌ಗೆ ಹೇಳಿದ್ದಲ್ಲ.

ಮತ್ತಾಯ 4ನೇ ಅಧ್ಯಾಯದಲ್ಲಿ ಸೈತಾನ ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಕೆಳಗೆ ಹಾರು ಅನ್ನುತ್ತಾನೆ. ಅದಕ್ಕೆ ವಾಕ್ಯವನ್ನೂ ಕೊಡುತ್ತಾನೆ! ದೂತರು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಅನ್ನುವ 91ನೇ ಕೀರ್ತನೆಯದು. ಅಂದರೆ ಶೋಧನೆ ಯಾವಾಗಲೂ ಬೈಬಲ್ ಮುಚ್ಚು ಅಂತ ಬರುವುದಿಲ್ಲ. ಕೆಲವು ಸಲ ಬೈಬಲ್ ಕೈಲಿ ಹಿಡಿದುಕೊಂಡೇ ಬರುತ್ತದೆ. ಯೇಸು ಮೂರು ಸಲವೂ ಉತ್ತರ ಕೊಟ್ಟಿದ್ದು ಧರ್ಮೋಪದೇಶಕಾಂಡದಿಂದಲೇ, ನಿಮ್ಮ ಚೀಟಿಯ ವಾಕ್ಯ ಇರುವ ಅದೇ ಪುಸ್ತಕದಿಂದ. ಈ ಸಲ ಹೇಳಿದ್ದು ‘ದೇವರನ್ನು ಪರೀಕ್ಷಿಸಬಾರದು’ ಅಂತ.

ಈಗ ನಿಮ್ಮ ಪ್ರಾರ್ಥನೆಯನ್ನು ಇದರ ಪಕ್ಕ ಇಟ್ಟು ನೋಡಿ. ‘ಗೆಲ್ಲಿಸು, ಆಮೇಲೆ ಬಿಡ್ತೀನಿ’ ಅಂದರೆ, ನಾನು ಹಾರುತ್ತೇನೆ ನೀನು ಹಿಡಿ ಅಂದ ಹಾಗೆಯೇ ಅಲ್ವಾ? ಮೇಲೆ ದೇವರಿಗೆ ದಶಮಾಂಶದ ಆಸೆ ತೋರಿಸುವುದು ಬೇರೆ. ಪ್ರಾರ್ಥನೆ ಕೇಳಿಸುತ್ತಿಲ್ಲ ಅಂತೀರಿ. ನನ್ನ ಪ್ರಕಾರ, ಗೆಲ್ಲಿಸದೇ ಇದ್ದದ್ದೇ ಅದಕ್ಕೆ ಬಂದ ಉತ್ತರ. ಆ ರಾತ್ರಿ ಗೆದ್ದಿದ್ದರೆ ಈ ಪತ್ರ ನನಗೆ ಬರುತ್ತಿರಲಿಲ್ಲ. ಕಣ್ಣೀರು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬೇಡಿದ್ದು ಆಟದಿಂದ ಬಿಡುಗಡೆಯನ್ನಲ್ಲ, ಆಟದಲ್ಲಿ ಗೆಲುವನ್ನು, ಅಷ್ಟೇ.

ಪ್ರತಿ ಭಾನುವಾರ ಸಭೆಯಲ್ಲಿ ಹೇಳುತ್ತೀರಲ್ಲ, ‘ನಮ್ಮನ್ನು ಶೋಧನೆಯೊಳಗೆ ಸೇರಿಸದೆ ಕೇಡಿನಿಂದ ನಮ್ಮನ್ನು ತಪ್ಪಿಸು’ ಅಂತ. ಇದು ಒಳಗೆ ಹೋದ ಮೇಲೆ ಹೇಳುವ ಮಾತಲ್ಲ, ಬಾಗಿಲಿಗೆ ಬರುವ ಮುಂಚೆ ಹೇಳುವ ಮಾತು. ಹಾಗಾಗಿ ನಿಮ್ಮ ಪ್ರಾರ್ಥನೆಯ ಹೊತ್ತು ಬದಲಾಯಿಸಿ. ಸೋತ ಮೇಲೆ ಬೆಳಗಿನ ಜಾವ ಅಳುವುದು ಬೇಡ. ರಾತ್ರಿ ಊಟ ಆದ ತಕ್ಷಣ, ಇನ್ನೂ ಫೋನ್ ಕೈಗೆ ಬರುವ ಮುಂಚೆ, ಹೆಂಡತಿ ಜೊತೆ ಕೂತು ಮಾಡಿ. ಚಿಕ್ಕದಾಗಿರಲಿ. ಎಷ್ಟು ಅಧ್ಯಾಯ ಓದಿದೆ ಅನ್ನುವ ಲೆಕ್ಕವೂ ಬೇಡ. 1 ಕೊರಿಂಥ 10:13 ಒಂದನ್ನೇ ಬಾಯಿಪಾಠ ಮಾಡಿಕೊಳ್ಳಿ. ಶೋಧನೆಯ ಜೊತೆಗೆ ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಕೊಡುತ್ತಾನೆ ಅನ್ನುತ್ತದೆ ಅದು. ದಾರಿ ಕೊಡುತ್ತಾನೆ ಸರಿ. ನಡೆಯಬೇಕಾದವರು ನೀವು.

ಯಜಮಾನ ಪೋಟೀಫರನ ಹೆಂಡತಿ ತನ್ನ ಜೊತೆ ಮಲಗು ಅಂತ ಬಟ್ಟೆ ಹಿಡಿದಾಗ ಯೋಸೇಫ ಅಲ್ಲೇ ಮೊಣಕಾಲೂರಿ ಪ್ರಾರ್ಥನೆ ಮಾಡಿದನಾ? ಇಲ್ಲ. ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿದ. ನೀವು ಬಿಟ್ಟು ಓಡಬೇಕಾದ ಬಟ್ಟೆ ಫೋನ್. ಹಣ ಹಾಕುವ ಟೆಲಿಗ್ರಾಂ ಗುಂಪುಗಳಿಂದ ಇವತ್ತೇ ಹೊರಗೆ ಬನ್ನಿ. ‘ಬೋನಸ್ ಬಂದಿದೆ’ ಅಂತ ಮೆಸೇಜ್ ಕಳಿಸುವ ನಂಬರ್‌ಗಳನ್ನು ಬ್ಲಾಕ್ ಮಾಡಿ. (ಸೋತವರಿಗೇ ಆ ಬೋನಸ್ ಜಾಸ್ತಿ ಬರುತ್ತದೆ, ಗಮನಿಸಿದ್ದೀರಾ?) ಬ್ಯಾಂಕ್ ಆ್ಯಪ್‌ನಲ್ಲಿ ಯುಪಿಐ ದಿನದ ಮಿತಿ ತಗ್ಗಿಸಿ. ರಾತ್ರಿ ಫೋನ್ ಅಡುಗೆಮನೆಯಲ್ಲಿ ಚಾರ್ಜ್‌ಗೆ ಹಾಕಿ ಮಲಗಿ. ಅಲಾರಂಗೆ ಬೇರೆ ಗಡಿಯಾರ ತಗೊಳ್ಳಿ. ಇದೆಲ್ಲ ನಂಬಿಕೆ ಕಡಿಮೆ ಇರುವವರ ಉಪಾಯ ಅಂತ ಯಾರಾದರೂ ಹೇಳಿದರೆ ಆದಿಕಾಂಡ 39 ಓದೋಕೆ ಹೇಳಿ.

ಹಣ ಇಟ್ಟು ಆನ್‌ಲೈನ್ ಆಡುವ ಆಟಗಳನ್ನು 2025ರಲ್ಲಿ ಕೇಂದ್ರದ ಕಾನೂನು ನಿಷೇಧಿಸಿದೆ. ಆಡುವವರಿಗೆ ಅದರಲ್ಲಿ ಶಿಕ್ಷೆಯಿಲ್ಲ, ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ ಇದೆ. ಹಾಗಾಗಿ ಸಹಾಯ ಕೇಳೋಕೆ ಹೆದರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕಟ್ಟಬೇಕಿಲ್ಲ. ನೀವು ಬೆಂಗಳೂರಲ್ಲೇ ಇದ್ದೀರಿ. ಮೊಬೈಲ್, ಗೇಮ್ ಗೀಳಿಗೆ ಅಂತಲೇ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಅಲ್ಲಿಗೆ ಹೋದರೆ ಪ್ರಾರ್ಥನೆ ಸೋತ ಹಾಗಲ್ಲ. ಲೋನ್ ಆ್ಯಪ್‌ನವರು ಬೆದರಿಸಿದರೆ, ಫೋಟೋ ಕಳಿಸ್ತೀವಿ ಅಂದರೆ, ಇನ್ನೊಂದು ಸಾಲ ಮಾಡಿ ಅವರಿಗೆ ಕಟ್ಟಬೇಡಿ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ದೂರು ಕೊಡಿ.

40 ದಿನ ಉಪವಾಸ ಬೇಡ. ಯೇಸು ಉಪವಾಸ ಮುಗಿಸಿ ಹಸಿದಿದ್ದಾಗಲೇ ಶೋಧಕ ಹತ್ತಿರ ಬಂದಿದ್ದು. ನಿದ್ದೆಗೆಟ್ಟು, ಸಾಲದ ಚಿಂತೆಯಲ್ಲಿ ಬಳಲಿದ ದೇಹವನ್ನು ಇನ್ನೂ ದಣಿಸಿ ಏನು ಸಿಗುತ್ತದೆ? ಅದರಲ್ಲೂ ಒಂದು ಚೌಕಾಸಿ ಇರುವ ಹಾಗೆ ಕಾಣುತ್ತದೆ, ನಾನು 40 ದಿನ ಕೊಟ್ಟೆ ನೀನು ಬಿಡುಗಡೆ ಕೊಡು ಅಂತ. ಇನ್ನೊಂದು ಮಾತು. ಸೈತಾನ ಯೇಸುವನ್ನು ಬಿಟ್ಟುಹೋದದ್ದು ಸ್ವಲ್ಪ ಕಾಲದ ಮಟ್ಟಿಗೆ ಅಂತ ಲೂಕ ಬರೆಯುತ್ತಾನೆ. ನಿಮಗೂ ಸಂಬಳದ ದಿನ ಬರುತ್ತದೆ, ಐಪಿಎಲ್ ಬರುತ್ತದೆ. ಸಂಬಳ ಮನೆ ಖರ್ಚಿನ ಖಾತೆಗೆ ಹೋಗಲಿ, ಅದರ ಕಾರ್ಡ್ ಹೆಂಡತಿ ಹತ್ತಿರ ಇರಲಿ.

ಖಜಾಂಚಿ ಕೆಲಸ ಈ ಭಾನುವಾರವೇ ಬಿಡಿ. ಲೆಕ್ಕದ ಪುಸ್ತಕ, ಪಾಸ್‌ಬುಕ್, ₹46,000 ಎಲ್ಲ ಸಭೆಯ ಅಯ್ಯನವರ (ಪಾಸ್ಟರ್) ಮುಂದೆ ಇಟ್ಟು ನಿಜ ಹೇಳಿ. ‘ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಒಪ್ಪಿಕೊಳ್ಳಿ’ ಅಂತ ಯಾಕೋಬ ಹೇಳಿದ್ದಾನೆ. ಸಂಘದ ಹುಡುಗರ ಮುಂದೆ ಎದ್ದು ನಿಂತು ಸಾಕ್ಷಿ ಹೇಳುವುದು ಈಗ ಬೇಡ. ಅದು ಚಪ್ಪಾಳೆಯಲ್ಲಿ ಮುಗಿದುಹೋಗುತ್ತದೆ.

ಅಯ್ಯನವರಿಗಿಂತ ಮುಂಚೆ ಹೆಂಡತಿಗೆ ಗೊತ್ತಾಗಬೇಕು. ಶನಿವಾರ ಕೂರಿಸಿಕೊಂಡು ಹೇಳಿ. ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಸಾಲ ಯಾರಿಗೆ ಎಷ್ಟು ಅಂತ ಬರೆದಿಡಿ. ಒಂದು ಸಾಲವನ್ನೂ ಮುಚ್ಚಿಡಬೇಡಿ, ಆಮೇಲೆ ಸಿಕ್ಕಿದ ಒಂದೇ ಒಂದು ಸಾಲ ಉಳಿದ ಎಲ್ಲ ಮಾತನ್ನೂ ಕೆಡಿಸುತ್ತದೆ. ಅವರು ಕಿರುಚಬಹುದು, ಮಾತೇ ಬಿಡಬಹುದು. ಆಗ ಏಳೆಪ್ಪತ್ತು ಸಲ ಕ್ಷಮಿಸು ಅನ್ನುವ ವಾಕ್ಯ ತೆಗೆದು ಅವರ ಮುಂದೆ ಓದಬೇಡಿ. ಕ್ಷಮಿಸುವುದು ಯಾವಾಗ ಅಂತ ಅವರೇ ನೋಡಿಕೊಳ್ಳುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡಿ. ನಾಲ್ಕು ದಿನ ತವರಿಗೆ ಹೋಗಿ ಬರ್ತೀನಿ ಅಂದರೆ ಬಸ್ ಹತ್ತಿಸಿ ಬನ್ನಿ. ಹೋಗುವಾಗ ಬ್ಯಾಂಕ್ ಕಾರ್ಡ್ ಅವರ ಕೈಯಲ್ಲೇ ಇರಲಿ.